ಮಾಳಿಗಿ ಮ್ಯಾಲಿನ ಬಿಸಿಲು

ಸೋಲಾಪುರ, ಮಂಗಳವಾರ, ೧೮ ಜನವರಿ ೧೯೩೮

ಆ ಡಾಕ್ಟರನ ಮ್ಯಾಲ ನನಗ ಇನ್ನೂ ನಂಬಿಕಿ ಬಂದಿಲ್ಲ. ಎರಡನೇ ಹೆರಿಗೆ ಆದಾಗಿಂದ ನನ್ನ ಹೆಂಡತಿ ನೀಲಗಂಗಾಗ ಸೊಂಟದ ಎಲುಬು ನೋವು. ಔಷಧ ಕೇಳಿದರ ಆತ, "ಚರ್ಮದಾಗ ಕೊಲೆಸ್ಟರಾಲ್ ಜಾತಿಯ ಜಿಡ್ಡು ಇರ್ತೈತ್ರಿ. ಬಿಸಿಲು ಬಿದ್ದರ ಅದರಿಂದನ ಎಲುಬಿಗೆ ಬೇಕಾದ ಜೀವಸತ್ವ ಆಗ್ತೈತಿ. ನಿಮ್ಮ ಮನಿ ಹೆಣ್ಣಮಕ್ಕಳು ಬಿಸಿಲ ಕಾಣಂಗಿಲ್ಲ. ದಿನಾ ಮಾಳಿಗಿ ಮ್ಯಾಲ ಕೂಡಸ್ರಿ" ಅಂದ. ಪುಡಿ ಇಲ್ಲ, ಬಾಟಲಿ ಇಲ್ಲ. ಇದೆಂಥಾ ವೈದ್ಯ?

"ಕೆಲಸ ತಪ್ಪಿಸೂ ನಾಟಕ" ಅಂದಿದ್ದಳು ಅವ್ವ. ಬಿಸಿಲಿಗೆ ಕೂಡ್ರಾಕ ಹತ್ತಿ ಮೂರು ತಿಂಗಳಾತು, ನೀಲಗಂಗಾ ಈಗ ಗೋಡಿ ಹಿಡಿಯದನ ಮೆಟ್ಟಲ ಹತ್ತತಾಳ. ಬರೇ ಬಿಸಿಲಿಗೆ ಹೋಗೂ ನೋವು ಖರೇನ ನೋವೇನು ಅಂತ ನನಗೂ ಸಂಶಯ ಹತ್ತಿತು. ಇವತ್ತ ಮಧ್ಯಾಹ್ನ ಅಂಗಡಿ ಬಿಟ್ಟು ಬಂದು, ಸಪ್ಪಳ ಮಾಡದ ಮಾಳಿಗಿ ಹತ್ತಿದೆ.

ನೀಲಗಂಗಾನ ಬಾಜೂಕ ಅವ್ವ ಕೂತಿದ್ದಳು, ಬಾಗಿದ ಬೆನ್ನು ಬಿಸಿಲಿಗೆ ಕೊಟ್ಟು.

"ಅವ್ವಾ, ನಿನಗೂ ನೋವೈತೇನು?"

"ಇಪ್ಪತ್ತ ವರ್ಷದ್ದು. ಯಾರ ಮುಂದ ಹೇಳಲಿ? ನಂಬತಿದ್ರೇನು?"

ನೀಲಗಂಗಾ ಸೆರಗು ಸರಿಮಾಡಿಕೊಂಡು ನನ್ನ ಮಾರಿ ನೋಡಿದಳು. ನಾ ಯಾಕ ಕಳ್ಳನಂಗ ಬಂದೆ ಅಂತ ಆಕಿಗೆ ತಿಳಿದಿರಬೇಕು. ಆಕಿ ಬೈದಿದ್ರ ಛಲೋ ಇತ್ತು. ಆಕಿ ಸರದು, ಕೂಡ್ರಾಕ ನನಗ ಜಾಗಾ ಕೊಟ್ಟಳು. ನಾನು ಕೂಡ್ರದ, ನಾಚಿ ಮೆಟ್ಟಲ ಇಳದು ಅಂಗಡಿಗೆ ಹೋದೆ.