ಗುಲಾಬಿಯಲ್ಲದ ಮಂಜು

ಗುರುವಾರ, ೧೪ನೇ ತಾರೀಕು
ಪೆಟ್ಟಿಗೆ ಶೆಡ್ಡು, ಊಟದ ಬಿಡುವು

ಪ್ರೀತಿಯ ಅಮ್ಮ,

ಆ ಚಿತ್ರದ ಮಂಜು ಗುಲಾಬಿ ಬಣ್ಣದ್ದಲ್ಲ. ಎರಡು ವರ್ಷದ ಹಿಂದೆ ನೀನು ಫೋನಿನಲ್ಲಿ ಕೇಳಿದಾಗ "ಹೂಂ ಅಮ್ಮ, ಗುಲಾಬೀನೇ" ಎಂದಿದ್ದೆನಲ್ಲ, ಅದು ಸುಳ್ಳು. ನೋಡದೆ ಹೇಳಿದ್ದೂ ಅಲ್ಲ. ಅವತ್ತು ಮಧ್ಯಾಹ್ನ ಅದರ ಎದುರಿನ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದೆ. ಚೆನ್ನಾಗಿ ನೋಡಿಯೇ ಸುಳ್ಳು ಹೇಳಿದೆ.

ಇದನ್ನು ಮೊದಲೇ ಬರೆದುಬಿಟ್ಟೆ. ಕ್ಷೇಮ ಸಮಾಚಾರದಿಂದ ಶುರು ಮಾಡಿದರೆ ನಾಲ್ಕು ಹಾಳೆಯೂ ಕ್ಷೇಮದಲ್ಲೇ ಮುಗಿದು ಇದು ಹಾಗೇ ಉಳಿದುಬಿಡುತ್ತದೆ ಎಂದು ನನಗೆ ಗೊತ್ತು. ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ. ಹೋದ ಸಲ ಆದದ್ದೂ ಅದೇ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಹಾಗಾದರೆ ಯಾವ ಬಣ್ಣ ಎಂದು ಕೇಳುತ್ತೀಯ. ಬೂದು. ಸ್ಲೇಟು ಒರೆಸಿದ ಬಟ್ಟೆಯನ್ನು ಹಿಂಡಿದರೆ ಬರುವ ನೀರಿನಂಥ ಬೂದು. ಎಡಗಡೆ ನದಿಯ ನೀರು ಕಟ್ಟೆಗೆ ತಾಗುವ ಕಡೆ ಅದರ ಅಡಿಯಿಂದ ಹಸಿರು ಎದ್ದು ಬರುತ್ತದೆ. ಮೇಲೆ ಸೂರ್ಯ ಇರಬೇಕಾದ ಜಾಗದಲ್ಲಿ ಬೆರಳಿನಿಂದ ಒತ್ತಿದಷ್ಟು ತಿಳಿಹಳದಿ. ಇಡೀ ಚಿತ್ರದಲ್ಲಿ ಗುಲಾಬಿ ಇರುವುದು ಒಂದೇ ಕಡೆ, ಮೂಟೆ ಇಳಿಸುತ್ತಿರುವ ದೋಣಿಯವನ ಕಿವಿಯಲ್ಲಿ. ಚಳಿಗೆ ಕೆಂಪಾದ ಕಿವಿ.

ನಿನ್ನ ಮೂವತ್ತು ವರ್ಷದ ಕೆಲಸ ಏನೆಂದು ಗೊತ್ತಿಲ್ಲದೆ ಹೀಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಯಾರೋ ಮನೆ ಖಾಲಿ ಮಾಡುವಾಗ ಕಾಲೇಜಿಗೆ ಕೊಟ್ಟ ಆ ತಗಡಿನ ಡಬ್ಬ, ಅದರೊಳಗಿನ ವರ್ಣಚಿತ್ರಗಳ ಇನ್ನೂರ ನಲವತ್ತು ಸ್ಲೈಡು, ಆಟದ ಸಾಮಾನಿನ ಕೋಣೆಯಲ್ಲಿ ಹರಿದ ಬಲೆಗಳ ಕೆಳಗೆ ಬಿದ್ದಿದ್ದ ಅದನ್ನು ಇತಿಹಾಸದ ಹೊಸ ಮೇಡಂ ಆಗಿದ್ದ ನೀನು ಎತ್ತಿಕೊಂಡು ಮನೆಗೆ ಬಂದದ್ದು, ಇದನ್ನೆಲ್ಲ ನಾನು ನೂರು ಸಲ ಕೇಳಿದ್ದೇನೆ. ಅಪ್ಪ ಗುಜರಿಯಿಂದ ಪ್ರೊಜೆಕ್ಟರ್ ತಂದು, ಅದರ ಹೊಟ್ಟೆ ಬಿಚ್ಚಿ, ಹೊಸ ತಂತಿ ಎಳೆದು ಸರಿಮಾಡಿದರು. ದಿನವಿಡೀ ಕಂಬ ಹತ್ತಿ ಇಳಿದು ಬಂದ ಲೈನ್‌ಮನ್ನು ಸಂಜೆ ಗೋಡೆಗೆ ಬಿಳಿ ಹಾಸಿಗೆ ಬಟ್ಟೆ ಕಟ್ಟಿ, "ನಿಮ್ಮಮ್ಮನ ಬೆಳಕಿನ ಹುಚ್ಚರು ಬಂದ್ರು ಕಣೇ, ದೀಪ ಆರ್ಸು" ಎನ್ನುತ್ತಿದ್ದರು. ಬೆಳಕನ್ನೇ ಹಿಡಿಯಹೊರಟ ಆ ಚಿತ್ರಕಾರರಿಗೆ ಇಂಪ್ರೆಷನಿಸ್ಟರು ಎಂಬ ಪದ ನನ್ನ ಬಾಯಿಗೆ ಬರುವ ಮೊದಲು ನನ್ನ ಪಾಲಿಗೆ ಅವರು ಬೆಳಕಿನ ಹುಚ್ಚರು.

ಅವರ ಮೂಲ ಚಿತ್ರ ಒಂದನ್ನೂ ಕಣ್ಣಲ್ಲಿ ಕಾಣದೆ ನೀನು ಅವರ ಮೇಲೆ ಪುಸ್ತಕ ಬರೆದೆ. ಹೋಗಿ ನೋಡಿಬರುವ ಅವಕಾಶ ಎರಡು ಸಲ ಬಂದಿತ್ತು. ಒಂದು ಸಲ ನನಗೆ ದಡಾರ, ಇನ್ನೊಂದು ಸಲ ಪ್ರಿನ್ಸಿಪಾಲರಿಗೆ ಅಳಿಯ. ಅಳಿಯ ಹೋಗಿಬಂದು "ಬಹಳ ಸಣ್ಣ ಸಣ್ಣ ಚಿತ್ರಗಳು ಮೇಡಂ, ಅಂಥಾದ್ದೇನಿಲ್ಲ" ಎಂದಿದ್ದ. ಅವತ್ತು ನೀನು ಅಡುಗೆಮನೆಯಲ್ಲಿ ಒಂದು ಲೋಟವನ್ನು ಎಷ್ಟು ಹೊತ್ತು ತೊಳೆದೆ ಎಂದು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ.

ನಿನ್ನ ಐದನೇ ಅಧ್ಯಾಯ ನನಗೆ ಬಾಯಿಪಾಠ. "ದೋಣಿಕಟ್ಟೆಯ ಬೆಳಗು" ಎಂಬ ಆ ಚಿತ್ರದಲ್ಲಿ ಮಂಜು ಗುಲಾಬಿ ಏಕೆ? ಅದು ಸೂರ್ಯನ ಬಣ್ಣವಲ್ಲ, ಚಿತ್ರದ ಚೌಕಟ್ಟಿನ ಹೊರಗೆ ಉರಿಯುತ್ತಿರುವ ಕುಲುಮೆಗಳದ್ದು. ಕಾಣದ ಕೆಲಸಗಾರರ ಬೆಂಕಿ ಮಂಜಿಗೆ ಹತ್ತಿದೆ ಎಂದು ಬರೆದೆ. ಎಷ್ಟು ಚೆನ್ನಾಗಿ ಬರೆದೆ ಎಂದರೆ ಹುಡುಗರು ನಿನ್ನನ್ನು ಗುಲಾಬಿ ಮೇಡಂ ಎಂದೇ ಕರೆದರು. ಆ ಚಿತ್ರ ಯಾರದೋ ಮನೆಯ ಗೋಡೆಯ ಮೇಲಿತ್ತು, ಬಣ್ಣದಲ್ಲಿ ನೋಡಲು ಇದ್ದದ್ದು ನಿನ್ನ ಸ್ಲೈಡು ಒಂದೇ. ತಪ್ಪು ಹಿಡಿಯುವವರಾದರೂ ಯಾರು?

ಚಿತ್ರ ಇಲ್ಲಿಯ ಸಂಗ್ರಹಾಲಯಕ್ಕೆ ಬಂದದ್ದು ನಾಲ್ಕು ವರ್ಷದ ಹಿಂದೆ. ಅವರು ಫೋಟೋ ತೆಗೆದು ಪ್ರಕಟಿಸಿದಾಗ ನೀನು ನನಗೆ ಫೋನು ಮಾಡಿ, "ಕ್ಯಾಮರಾದವನಿಗೆ ಜ್ವರ ಬಂದಿತ್ತೇನೇ? ಮಂಜನ್ನೆಲ್ಲಾ ಸಿಮೆಂಟ್ ಮಾಡಿಟ್ಟಿದಾನೆ" ಎಂದು ಬೈದೆ. ನಾನು ನಕ್ಕೆ. ಆಗ ನಾನು ಈ ಊರಿನಲ್ಲೇ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಬೀರು, ಮಂಚ ಹೊರುತ್ತಿದ್ದೆ. ಬೇಕರಿ, ಸೈಕಲ್ ಅಂಗಡಿ, ಮುದ್ರಣಾಲಯ ಎಲ್ಲ ಬಿಟ್ಟು ಅದು ನನ್ನ ಆರನೇ ಕೆಲಸ. "ಒಂದು ಕಡೆ ಕಾಲೂರಲ್ವಲ್ಲೇ ಗಿರಗಿಟ್ಲೆ" ಎಂದು ನೀನು ಆಗಲೂ ಹೇಳಿದ್ದೆ. ಆಮೇಲೆ ಅದೇ ಕಂಪನಿ ನನ್ನನ್ನು ಸಂಗ್ರಹಾಲಯದ ಪೆಟ್ಟಿಗೆ ಶೆಡ್ಡಿಗೆ, ಚಿತ್ರಗಳನ್ನು ಸಾಗಿಸಲು ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಹಾಕಿತು. ಇಲ್ಲಿ ಎರಡು ವರ್ಷವಾಯಿತು. ನನಗೂ ಆಶ್ಚರ್ಯವೇ.

ನಿನ್ನ ಸ್ಲೈಡಿಗೆ ಏನಾಗಿದೆ ಎಂದು ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಫೋಟೋ ಕೋಣೆಯನ್ನು ನೋಡಿಕೊಳ್ಳುವ ಅಜ್ಜ ಒಬ್ಬರಿದ್ದಾರೆ, ಅವರ ಬೀರುಗಳನ್ನು ಬೇರೆ ಮಹಡಿಗೆ ಸಾಗಿಸುವಾಗ ಒಂದು ಡ್ರಾಯರ್ ತೆರೆದುಕೊಂಡಿತು. ತುಂಬ ಹಳೆಯ ಸ್ಲೈಡುಗಳು. ಒಂದನ್ನು ಕಿಟಕಿಗೆ ಹಿಡಿದೆ. ಹಿಮ, ಗುಲಾಬಿ. ಇನ್ನೊಂದು ಹಿಡಿದೆ. ಬಿಳಿ ಕುದುರೆ, ಅದೂ ಗುಲಾಬಿ. "ಇದೇನಜ್ಜ, ಎಲ್ಲಾ ನಾಚ್ಕೊಂಡಿವೆ?" ಎಂದು ಕೇಳಿದೆ. ಅವರು ನಗಲಿಲ್ಲ. "ಹಳೇ ಫಿಲ್ಮು ಮಗಳೇ. ಕತ್ತಲಲ್ಲಿ ಜೋಪಾನವಾಗಿಟ್ರೂ ಅಷ್ಟೇ. ನೀಲಿ ಮೊದಲು ಹೋಗುತ್ತೆ. ಅದರ ಜೊತೆ ಹಸಿರೂ ಹೋಗುತ್ತೆ. ಉಳಿಯೋದು ಇದು" ಎಂದರು. ಆಮೇಲೆ ಬೀರು ಎತ್ತುವಾಗ ನನ್ನ ಕೈ ಜಾರಿ ಅದು ಅವರ ಕಾಲಿನ ಮೇಲೆ ಬಿತ್ತು, ಅದಕ್ಕೆ ಬೈಸಿಕೊಂಡೆ.

ಅಲ್ಲಿಗೆ ನನಗೆ ಎಲ್ಲ ಗೊತ್ತಾಗಿತ್ತು. ಆದರೂ ನಿನಗೆ ಹೇಳಲಿಲ್ಲ. ಒಂದೂವರೆ ವರ್ಷ.

ಒಂಬತ್ತನೇ ತರಗತಿಯಲ್ಲಿ ನಾನು ಶಾಲೆ ಬಿಟ್ಟದ್ದು ನಿನಗೆ ಇವತ್ತಿಗೂ ಸಂಕಟ. ಡ್ರಾಯಿಂಗ್ ಪರೀಕ್ಷೆಯಲ್ಲಿ ಮರದ ನೆರಳಿಗೆ ನೇರಳೆ ಬಣ್ಣ ಹಾಕಿದ್ದೆ. ಮೇಷ್ಟ್ರು ಕಪ್ಪು ಮಾಡು ಎಂದರು. "ಕಪ್ಪಿಲ್ಲ ಸಾರ್, ಬೇಕಾದ್ರೆ ಹೊರಗೆ ಬಂದು ನೋಡಿ" ಎಂದೆ. ಇಡೀ ತರಗತಿ ಕಿಟಕಿಗೆ ಓಡಿತು, ಅವರಿಗೆ ಅವಮಾನವಾಯಿತು. ಹೆಡ್‌ಮಾಸ್ಟರು ಕ್ಷಮೆ ಕೇಳು ಎಂದರು. ನಾನು ಕೇಳಲಿಲ್ಲ, ಮರುದಿನದಿಂದ ಹೋಗಲೂ ಇಲ್ಲ. "ಒಂದು ನೆರಳಿಗೋಸ್ಕರ ಯಾರಾದ್ರೂ ಸ್ಕೂಲ್ ಬಿಡ್ತಾರೇನೇ?" ಎಂದು ನೀನು ಹಣೆ ಚಚ್ಚಿಕೊಂಡೆ. ನೆರಳು ಕಪ್ಪಲ್ಲ ಎಂದು ಹಿತ್ತಿಲಿನಲ್ಲಿ ಬಕೆಟ್ಟಿನ ಪಕ್ಕ ನನ್ನನ್ನು ಕೂರಿಸಿ ತೋರಿಸಿಕೊಟ್ಟವಳು ನೀನೇ ಎಂದು ನಾನು ಆಗ ಬಾಯಿಬಿಡಲಿಲ್ಲ. ಅಪ್ಪನೇ ಹೇಳಿದರು. "ನೀನೇ ಕಲಿಸಿ ನೀನೇ ಬೈದ್ರೆ ಮಗು ಎಲ್ಲಿಗೆ ಹೋಗ್ಬೇಕು?" ಎಂದು.

ನೆರಳಿಗೆ ಸುಳ್ಳು ಬಣ್ಣ ಹಾಕದವಳು ಮಂಜಿಗೆ ಹೇಗೆ ಹಾಕಿದಳು ಎಂದು ನೀನು ಕೇಳಬೇಕು.

ಅಪ್ಪ ಹೋಗಿ ಹದಿನೆಂಟು ದಿನವಾಗಿತ್ತು. ನಿನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗಿತ್ತು. "ಹೊಸ ಮುದ್ರಣಕ್ಕೆ ಕೇಳ್ತಿದಾರೆ. ನೀನು ಹೋಗಿ ಕಣ್ಣಾರೆ ನೋಡಿ ಹೇಳೇ, ಗುಲಾಬಿ ಅಲ್ವಾ?" ಎಂದೆ, ನಾನು ನೋಡಿಬಂದ ಸಂಜೆ ಮತ್ತೆ ಫೋನು ಮಾಡಿ ಕೇಳಿದೆ. ಆ ಹೊತ್ತಿನಲ್ಲಿ ಇನ್ನೊಂದನ್ನೂ ನಿನ್ನಿಂದ ಕಿತ್ತುಕೊಳ್ಳಲು ನನ್ನಿಂದ ಆಗಲಿಲ್ಲ. ಇದು ನಾನು ನನಗೇ ಹೇಳಿಕೊಂಡ ಕಾರಣ, ಕೇಳಲು ಚೆನ್ನಾಗಿದೆ. ನಿಜವಾದ ಕಾರಣ ಅಷ್ಟು ಚೆಂದವಿಲ್ಲ. ನಿನ್ನ ಕೆಲಸದ ವಿಷಯದಲ್ಲಿ ನೀನು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಮನೆಗೆ ಬರುವ ನಿನ್ನ ವಿದ್ಯಾರ್ಥಿಗಳನ್ನು ನೀನು ಕೇಳುತ್ತಿದ್ದೆ, ಅವರು ಕೂತು ವಾದ ಮಾಡುತ್ತಿದ್ದರು, ನಾನು ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದೆ. ಈಗ ನನ್ನನ್ನು ಕೇಳಿದ್ದೀಯ, ನಿನಗೆ ಬೇಕಾದ ಉತ್ತರವನ್ನೇ ಕೊಟ್ಟರೆ ಇನ್ನೊಮ್ಮೆಯೂ ಕೇಳುತ್ತೀಯ ಎನಿಸಿತು. ಇಪ್ಪತ್ತೆರಡು ವರ್ಷದವಳು ಐದು ವರ್ಷದವಳ ಹಾಗೆ ಆಡಿದೆ.

ಹೊಸ ಮುದ್ರಣ ಕಳಿಸಿದೆಯಲ್ಲ, ಮುನ್ನುಡಿಯ ಮೂರನೇ ಪುಟದಲ್ಲಿ, "ಮೂಲಚಿತ್ರವನ್ನು ಕಣ್ಣಾರೆ ಕಂಡ, ಸುಳ್ಳಾಡಿ ಗೊತ್ತಿಲ್ಲದ ಒಬ್ಬರು ಮಂಜಿನ ಬಣ್ಣವನ್ನು ದೃಢಪಡಿಸಿದ್ದಾರೆ" ಎಂದಿದೆ. ಅದನ್ನು ಬಸ್ಸಿನಲ್ಲಿ ನಿಂತು ಓದಿದೆ. ಇಳಿಯುವ ನಿಲ್ದಾಣ ದಾಟಿಹೋಯಿತು.

ಆಗಲಾದರೂ ಹೇಳಬೇಕಿತ್ತು. ಪುಸ್ತಕ ಓದುವವರು ಓದುತ್ತಾರೆ, ಚಿತ್ರ ಇಲ್ಲೇ ಇರುತ್ತದೆ, ಎರಡೂ ಎದುರುಬದುರಾಗುವುದು ಯಾವಾಗ ಎಂದು ಸುಮ್ಮನಾದೆ. ಈಗ ಅದೇ ಆಗುತ್ತಿದೆ. ನಿಮ್ಮೂರಿನ ಪ್ರದರ್ಶನಕ್ಕೆ ಹೋಗುವ ಪಟ್ಟಿಯಲ್ಲಿ ಹನ್ನೊಂದನೇ ಸಾಲಿನಲ್ಲಿ ದೋಣಿಕಟ್ಟೆಯ ಹೆಸರು ನೋಡಿದೆ. ಅದರ ಜೊತೆಗೆ ಆಮಂತ್ರಣ ಪತ್ರಿಕೆಯನ್ನೂ ನೋಡಿದೆ. ಇಪ್ಪತ್ತೆರಡನೇ ತಾರೀಕು ಶುಕ್ರವಾರ, ಚಿತ್ರದ ಎದುರಿನಲ್ಲೇ ನಿನ್ನ ಉಪನ್ಯಾಸ, "ಗುಲಾಬಿ ಮಂಜು ಮತ್ತು ಕಾಣದ ಕುಲುಮೆಗಳು". ನಿವೃತ್ತಿಗೆ ಮೂರು ವಾರ ಇರುವಾಗ ಕೊನೆಗೂ ನಿನ್ನನ್ನು ಕರೆದಿದ್ದಾರೆ. ಇನ್ನೂರು ಜನ ಕೂತಿರುತ್ತಾರೆ, ನಿನ್ನ ಬೆನ್ನ ಹಿಂದೆ ಬೂದು ಮಂಜು ನೇತಾಡುತ್ತಿರುತ್ತದೆ. ಭಿತ್ತಿಪತ್ರದಲ್ಲಿ ಬೂದು ಕಂಡು ನೀನು ಈಗಾಗಲೇ ಮುದ್ರಕನಿಗೆ ಬೈದಿರುತ್ತೀಯ. ಯಾರಾದರೂ ಅನುಮಾನಪಟ್ಟರೆ "ನನ್ನ ಮಗಳು ನೋಡಿದಾಳೆ" ಎಂದಿರುತ್ತೀಯ.

ಮೊನ್ನೆ ಆ ಚಿತ್ರಕ್ಕೆ ಪೆಟ್ಟಿಗೆ ಅಳತೆ ಮಾಡಿದವಳು ನಾನೇ. ಗಾಜಿಲ್ಲದೆ, ಚೌಕಟ್ಟಿಲ್ಲದೆ ಮೇಜಿನ ಮೇಲೆ ಮಲಗಿಸಿ, ಕೈಗವಸು ಹಾಕಿಕೊಂಡು ನೋಡಿದೆ. ನಿನ್ನ ನಾಲ್ಕನೇ ಅಧ್ಯಾಯದಲ್ಲಿ ಎರಡನೇ ದೋಣಿಯ ತುದಿಯಲ್ಲಿರುವುದು ಮೂಟೆಯಲ್ಲ, ಬಗ್ಗಿ ಕೂತ ಹೆಂಗಸು ಎಂದು ಬರೆದಿದ್ದೆ. ಎಲ್ಲರೂ ಅದನ್ನು ಮೂಟೆ ಎಂದೇ ಬರೆದಿದ್ದಾರೆ, ಇಲ್ಲಿಯ ಫಲಕದಲ್ಲೂ ಮೂಟೆ. ಅಮ್ಮ, ಅವಳಿದ್ದಾಳೆ. ಮುಂಗೈ ಇದೆ, ಕತ್ತಿನ ಮೇಲೆ ಜಾರಿದ ಬಟ್ಟೆ ಇದೆ. ಹಗ್ಗ ಬಿಚ್ಚುತ್ತಿದ್ದಾಳೆ. ಮಾಸಿದ ಸ್ಲೈಡಿನಲ್ಲಿ, ಹಾಸಿಗೆ ಬಟ್ಟೆಯ ಸುಕ್ಕಿನ ಮೇಲೆ ಅದು ನಿನಗೆ ಹೇಗೆ ಕಂಡಿತು? ನಿನ್ನನ್ನು ಸಮಾಧಾನ ಮಾಡಲು ಹೇಳುತ್ತಿಲ್ಲ. ಐದನೇ ಅಧ್ಯಾಯ ತಪ್ಪು, ಪೂರ್ತಿ ತಪ್ಪು. ನಾಲ್ಕನೆಯದು ಸರಿ. ಎರಡೂ ನಿಜ.

ಈಗ ನನ್ನ ಬೇಡಿಕೆ. ಈ ಕಾಗದ ಶನಿವಾರ ನಿನ್ನ ಕೈಗೆ ಬರುತ್ತದೆ. ಲಾರಿ ಸೋಮವಾರ ಅಲ್ಲಿಗೆ ತಲುಪುತ್ತದೆ. ಪೆಟ್ಟಿಗೆಯನ್ನು ತಂದ ಕೂಡಲೇ ತೆರೆಯುವುದಿಲ್ಲ, ಕೋಣೆಯ ಹವೆಗೆ ಹೊಂದಿಕೊಳ್ಳಲು ಒಂದು ದಿನ ಹಾಗೇ ಬಿಡುತ್ತಾರೆ. ಮಂಗಳವಾರ ಹನ್ನೊಂದು ಗಂಟೆಗೆ ತೆರೆಯುತ್ತಾರೆ. ಹಿಂಬದಿಯ ಬಾಗಿಲಿನಿಂದ ಬಾ, ಅಲ್ಲಿಯ ಮೇಲ್ವಿಚಾರಕಿಗೆ ನಿನ್ನ ಹೆಸರು ಹೇಳಿಟ್ಟಿದೆ. ಆ ಹೊತ್ತಿನಲ್ಲಿ ನಾಲ್ಕೈದು ಜನಕ್ಕಿಂತ ಹೆಚ್ಚು ಇರುವುದಿಲ್ಲ. ಹತ್ತಿರದಿಂದ ನೋಡು, ಎಷ್ಟು ಹೊತ್ತಾದರೂ ನೋಡು. ಆಮೇಲೆ ನಿನಗೆ ಮೂರು ದಿನ ಇರುತ್ತದೆ. ಉಪನ್ಯಾಸ ಬೇಡವೆನ್ನುತ್ತೀಯೋ, ಬೇರೆ ಮಾತಾಡುತ್ತೀಯೋ, ನಾನು ಹೇಳಲಾರೆ. ಎದ್ದು ನಿಂತು "ನಾನು ಬರೆದದ್ದು ತಪ್ಪು" ಎಂದು ಹೇಳಬಲ್ಲ ಮೇಡಂ ಒಬ್ಬರನ್ನು ನಾನು ಶಾಲೆಯಲ್ಲಿ ಕಂಡಿದ್ದರೆ ಹತ್ತನೇ ತರಗತಿ ಪಾಸಾಗುತ್ತಿದ್ದೆನೋ ಏನೋ. ಮುನ್ನುಡಿಯ ಆ ಸಾಲನ್ನು ಮಾತ್ರ ತೆಗೆಸು. ಯಾರೆಂದು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು, ಮರೆಮಾಚಬೇಡ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಕ್ಷಮಿಸುವುದು ಬಿಡುವುದು ನೀನು ಚಿತ್ರ ನೋಡಿದ ಮೇಲೆ. ಬಿಡುವು ಮುಗಿಯಿತು, ಬಡಗಿ ಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂ ಹಾಕುತ್ತಿದ್ದಾನೆ, ಒಂದು ಕಡೆ ನಾನು ಹಿಡಿಯಬೇಕು.

ನಿನ್ನ
ಗಿರಗಿಟ್ಲೆ

ಮರೆತದ್ದಲ್ಲ, ಬರೆಯಲು ಹಿಂಜರಿದದ್ದು: ಅಪ್ಪ ಹೋದಾಗ ರಜೆ ಸಿಗಲಿಲ್ಲ ಎಂದಿದ್ದೆ. ನಾನು ರಜೆ ಕೇಳಿರಲೇ ಇಲ್ಲ. ಚೀಲ ತುಂಬಿಸಿಟ್ಟುಕೊಂಡು ಎರಡು ದಿನ ಬಾಗಿಲ ಹತ್ತಿರ ಕೂತಿದ್ದೆ. ಅವರಿಲ್ಲದ ಆ ಮನೆಯೊಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಲಾರಿಯ ಜೊತೆ ಬರುವ ಇಬ್ಬರಲ್ಲಿ ನನ್ನ ಹೆಸರಿರಲಿಲ್ಲ, ನಿನ್ನೆ ಹೋಗಿ ಕೇಳಿ ಹಾಕಿಸಿಕೊಂಡೆ. ನಾಳೆ ಬೆಳಗ್ಗೆ ಐದೂವರೆಗೆ ಹೊರಡುತ್ತೇನೆ.