ನಿಮ್ಮದೇನಾದರೂ ಪ್ರಶ್ನೆ ಇದೆಯೇ?

ಗದ್ವಾಲ
೧೭ ಜುಲೈ ೨೦೧೪, ಗುರುವಾರ

ಮಧ್ಯಾಹ್ನ. ಕರೆಂಟ್ ಇಲ್ಲ, ಯೂನಿಟ್ಟಿನಲ್ಲಿ ಕೆಲಸ ನಿಂತಿದೆ. ನಿಮ್ಮ ರಿಪೇರಿ ಬೆಂಚು ಖಾಲಿ ಇದೆ, ಅಲ್ಲಿಯೇ ಕೂತಿದ್ದೇನೆ.

ನಿಮಗೆ ಶರಣು.

ಬರೆಯಲು ತಡವಾಯಿತು, ಬೇಸರಿಸಬೇಡಿ. ಫೋನ್ ಮಾಡಬಹುದಿತ್ತು. ಆದರೆ ನೀವಿರುವ ಮಕ್ತಲ್ ಮನೆಯಲ್ಲಿ ಸ್ಪೀಕರ್ ಹಾಕಿಯೇ ಮಾತು. ಅತ್ತೆ, ಪಕ್ಕದ ಮನೆಯ ಹುಸೇನಮ್ಮ, ಎಲ್ಲರೂ ಉತ್ತರ ಕೊಡುತ್ತಾರೆ, ನಿಮ್ಮೊಬ್ಬರನ್ನು ಬಿಟ್ಟು. ಅದಕ್ಕೇ ಈ ಕಾಗದ. ವ್ಯಾನಿನ ನಾಗಪ್ಪ ನಾಳೆ ಆ ಕಡೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಮೊದಲು ಇಲ್ಲಿಯ ಸುದ್ದಿ. ನಾವು ಮಾಡಿ ಕಳಿಸಿದ ಕಂಪ್ಯೂಟರ್ ಬೋರ್ಡುಗಳು ಇನ್ನೂ ಕೆಟ್ಟು ವಾಪಸ್ ಬರುತ್ತಿವೆ. ಹೋದ ತಿಂಗಳು ನಮ್ಮದು ಹೊಸ ರಾಜ್ಯ ಆದ ದಿನ ನಾವು ಹೆಂಗಸರೆಲ್ಲ ನಾರಾಯಣಪೇಟೆ ರೇಷ್ಮೆ ಸೀರೆ ಉಟ್ಟು ಬಂದಿದ್ದೆವಲ್ಲ? ಪೇಡೆ ತಿಂದು, ಅದೇ ಸೀರೆಯಲ್ಲಿ ಬೆಂಚಿಗೆ ಕೂತೆವು. ಜರಿ ಮುಚ್ಚಿಹೋಗುತ್ತದೆಂದು ಯಾರೂ ಮೇಲೆ ಕೆಲಸದ ಕೋಟು ಹಾಕಲಿಲ್ಲ. ಅಂದು ನಮ್ಮ ಬೆಂಚುಗಳ ಬೋರ್ಡು ಒಂದರ ಹಿಂದೊಂದು ಸತ್ತವು. ಮಾಲೀಕರು ಶಿವಶಂಕರಪ್ಪನವರು ಚಿಪ್ ಕಳಿಸಿದವರನ್ನು ಬೈದರು. ನೀವು, "ಸೀರಿ ನೋಡಿ ನಾಚಿ ಸತ್ತಾವ ಬಿಡ್ರಿ" ಅಂದಿರಿ. ಎಲ್ಲರೂ ನಕ್ಕರು. ನನ್ನ ತಲೆಯಲ್ಲಿ ಮಾತ್ರ ಅದು ಉಳಿಯಿತು. ಗಂಡಸರ ಬೆಂಚಿನವು ಯಾಕೆ ಸಾಯಲಿಲ್ಲ?

ಮನೆಯಲ್ಲಿ ಸೆರಗನ್ನು ತಿಕ್ಕಿ ಕಾಗದದ ಚೂರುಗಳ ಮೇಲೆ ಹಿಡಿದೆ. ಎದ್ದು ಬಂದು ಅಂಟಿಕೊಂಡವು. ಮಣಿಕಟ್ಟಿಗೆ ಕಟ್ಟುವ ಅರ್ಥಿಂಗ್ ಪಟ್ಟಿ ಮೈಯಲ್ಲಿ ಕೂಡಿದ ಕರೆಂಟನ್ನು ನೆಲಕ್ಕಿಳಿಸುತ್ತದೆ, ರೇಷ್ಮೆಯಲ್ಲಿ ಕೂಡಿದ್ದನ್ನಲ್ಲ; ಚಿಪ್ ಸಾಯಲು ಅಷ್ಟೇ ಸಾಕು. ಈಗ ವಾಪಸ್ ಬರುತ್ತಿರುವವೂ ಆ ದಿನದವೇ, ಟೆಸ್ಟಿನಲ್ಲಿ ಪಾಸಾಗಿ ಹೋದವು. ಶಿವಶಂಕರಪ್ಪನವರಿಗೆ ಹೇಳಿದೆ. "ಹಂಗಾರ ಮುಂದಿನ ಸಲ ಗೋಣಿಚೀಲ ಉಟ್ಕೊಂಡು ಬರ್ರವ್ವಾ" ಅಂದರು. ಅಂದರೂ, ಮರುದಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೋಟು ಹಾಕಿಸಿದರು.

ಇನ್ನು ನಮ್ಮ ಮಾತು. ನಾರಾಯಣಪೇಟೆಯ ಕಂಪನಿಯಲ್ಲಿ ಕೆಲಸ ಖಾಲಿಯಿದೆ, ಸರ್ಕಾರಿ ಕಚೇರಿಗಳ ಸಾಫ್ಟ್‌ವೇರ್ ನೋಡಿಕೊಳ್ಳುವುದು ಎಂದು ಸುದ್ದಿ ತಂದವರು ನೀವು. "ನೀನೂ ಬಾ, ಹೆಂಗಿದ್ರೂ ಬಸ್ಸು ಒಂದ" ಎಂದು ನನ್ನ ಹೆಸರು ಕೊಟ್ಟವರೂ ನೀವೇ. ಅವರು ನನ್ನನ್ನು ತೆಗೆದುಕೊಂಡರು, ನಿಮ್ಮನ್ನು ತೆಗೆದುಕೊಳ್ಳಲಿಲ್ಲ. ಸಂದರ್ಶನವಾದ ಆ ಸಂಜೆಯೇ ನೀವು ಮಕ್ತಲ್ ಬಸ್ಸು ಹತ್ತಿದಿರಿ. ಒಳಗೆ ನನ್ನನ್ನು ಏನು ಕೇಳಿದರೆಂದು ವಿಚಾರಿಸಲೂ ಇಲ್ಲ.

ಸಂದರ್ಶನ ಮಾಡಿದ ಹರಿತಾ ಮೇಡಂ ಕೇಳಿದ್ದರಲ್ಲಿ ಹೆಚ್ಚಿನದಕ್ಕೆ ನನಗೆ ಉತ್ತರ ಬರಲಿಲ್ಲ. ಕೊನೆಗೆ, ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದು ತೆಲುಗಿನಲ್ಲಿ ಕೇಳಿದರು. ಇದೆ ಅಂದೆ. ಎಲ್ಲ ಕಡೆ ರಾಜ್ಯದ ಹೆಸರು ಬದಲಿಸುತ್ತಿದ್ದೀರಿ. ನಾನು ಹುಟ್ಟಿದಾಗ ಇದ್ದದ್ದು ಹಳೆಯ ರಾಜ್ಯ. ಈಗ ಜನನ ಪ್ರಮಾಣಪತ್ರ ತೆಗೆಸಿದರೆ ಅದರಲ್ಲಿ ಯಾವ ಹೆಸರು ಬರಬೇಕು ಎಂದು ಕೇಳಿದೆ. ಮೇಡಂ ಪೆನ್ನು ಕೆಳಗಿಟ್ಟರು. "ಬೆಳಗಿನಿಂದ ನಾವೂ ಇದಕ್ಕೇ ಜಗಳಾಡ್ತಿದ್ದೀವಿ, ಬಾಮ್ಮಾ, ಈ ಕಡೆ ಕೂತ್ಕೋ" ಎಂದು ನಗುತ್ತ ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಬೋರ್ಡಿನಲ್ಲಿ ತಾಮ್ರದ ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕಣ್ಣಿಗೆ ಕಾಣುತ್ತದೆ. ಸಾಫ್ಟ್‌ವೇರಿನಲ್ಲಿ ಕಾಣುವುದಿಲ್ಲ. ಒಂದು ಹೆಸರು ಬದಲಿಸಿದರೆ ಮತ್ತೆಲ್ಲೋ ಯಾರದೋ ಪಿಂಚಣಿಯ ಪುಟ ತೆರೆಯುವುದಿಲ್ಲ. ಯಾಕೆಂದು ಬೆನ್ನು ಹತ್ತಬೇಕು. ಇಷ್ಟು ವರ್ಷ ಬೋರ್ಡು ಪಾಸ್ ಮಾಡಿ ಕಳಿಸಿದೆ; ಅದರ ಮೇಲೆ ಏನು ಓಡುತ್ತದೆಂದು ನೋಡಿದ್ದು ಅಂದೇ. ಹೊರಗೆ ಬಂದಾಗ ನಿಮಗೆ ಹೇಳುವ ಆತುರವಿತ್ತು. ನಿಮ್ಮ ಮುಖ ನೋಡಿ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಬೆಸುಗೆ ಹಾಕುವುದನ್ನು ನನಗೆ ಕಲಿಸಿದವರು ನೀವು. ನಿಮ್ಮಷ್ಟು ಕೈಕೆಲಸ ನನಗೆ ಇವತ್ತಿಗೂ ಬರುವುದಿಲ್ಲ. ಸೋಮವಾರ ಕೆಲಸಕ್ಕೆ ಸೇರಬೇಕು. ಮಕ್ತಲ್ ಮನೆಯಿಂದಲೇ ದಿನಾ ಹೋಗಿ ಬರಬಹುದು. ಬೇಡವೆನ್ನುವುದಿದ್ದರೆ ಬಾಯಿಬಿಟ್ಟು ಅನ್ನಿ, ಜಗಳವಾದರೂ ಆಗಲಿ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಅತ್ತೆಯವರಿಗೆ ಶರಣಾರ್ಥಿ.

ನಿಮ್ಮ
ಬಸವೇಶ್ವರಿ

ಮತ್ತೊಂದು ಮಾತು: ನಿನ್ನೆ ಅತ್ತೆ ಫೋನ್ ಮಾಡಿದ್ದರು. "ನೀ ಪಾಸಾಗ್ಲಿಲ್ಲಂತ ಮನಸಿಗೆ ಹಚ್ಕೋಬ್ಯಾಡವ್ವಾ. ವಿನಯಗ ನೌಕರಿ ಸಿಕ್ಕಿತ್ತು, ನಿನಗ ಬ್ಯಾಸರ ಆಗ್ತೈತಂತ ಬ್ಯಾಡಂದು ಬಂದಾನ. ಇಂಥ ಗಂಡ ಯಾರಿಗೆ ಸಿಗ್ತಾನ ಹೇಳು?" ಅಂದರು. ನಾನು "ಹೌದ್ರಿ ಅತ್ತಿ" ಅಂದೆ. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಕೆಲಸ ಸಿಗದಿದ್ದಕ್ಕೆ ನಿಮಗಾದ ಸಂಕಟ ನನಗೆ ತಿಳಿಯುತ್ತದೆ. ನನಗೆ ಸಿಕ್ಕಿದ್ದನ್ನೂ ನೀವೇ ಇಟ್ಟುಕೊಂಡದ್ದು ಯಾಕೆ ಎಂದು ತಿಳಿಯುತ್ತಿಲ್ಲ. ಒಂದು ಸಲ ಹೌದು ಅಂದಾಯಿತು, ಇನ್ನೊಮ್ಮೆ ಅನ್ನಲಾರೆ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಅಷ್ಟರೊಳಗೆ ಅತ್ತೆಗೆ ನೀವು ನಿಜ ಹೇಳಿರದಿದ್ದರೆ, ನಿಮ್ಮೆದುರಿಗೇ ನಾನು ಹೇಳುತ್ತೇನೆ.