ಡಾಕ್ಟರಮ್ಮನ ಮುಂದೆ ಸುಮ್ಮನಿದ್ದವರಿಗೆ

ರೀ,

ಮುದ್ದೆ ಬೋಗುಣಿಯಲ್ಲಿದೆ, ಸೊಪ್ಪಿನ ಸಾರು ಒಲೆ ಮೇಲಿದೆ. ಮಾತ್ರೆ ಊಟಕ್ಕೆ ಮುಂಚೆ ನುಂಗಿ. ನಾನು ಪಾಲಕೋಡ್ ಟೊಮೇಟೊ ಮಂಡಿಗೆ ಹೋಗಿ ಮೂರು ಗಂಟೆಗೆ ಬರುತ್ತೇನೆ.

ನಿನ್ನೆ ನಿಮ್ಮ ಮೂರು ತಿಂಗಳ ಶುಗರ್ ರಿಪೋರ್ಟ್ ನೋಡಿ ಡಾಕ್ಟರಮ್ಮ ಬೈದದ್ದು ನನ್ನನ್ನ. "ಏನಮ್ಮಾ, ಮನೇಲಿ ಇವರಿಗೆ ಏನು ಮಾಡಿ ಹಾಕ್ತೀಯ?" ಅಂದರು. ನೀವು ಚಪ್ಪಲಿ ನೋಡುತ್ತಾ ಕೂತಿದ್ದಿರಿ. ನನ್ನ ಅಡುಗೆಯಲ್ಲೇ ತಪ್ಪಿದೆ ಅಂತ ನಾನೂ ನಂಬಿದೆ.

ಇವತ್ತು ಹಾಲಿಗೆ ಹೋದಾಗ ಟೀ ಅಂಗಡಿ ಸೆಲ್ವಿ ಕೇಳಿದಳು: "ಅಕ್ಕಾ, ಅಣ್ಣ ಯಾಕೆ ನಾಕು ದಿನದಿಂದ ವಾಕಿಂಗ್ ಬಂದಿಲ್ಲ? ಅವರ ಜಿಲೇಬಿ ಅಂಗೇ ಮಿಕ್ಕೈತೆ."

ರಕ್ತ ಕೊಡೋ ಮುಂಚೆ ಮೂರು ದಿನ ಬಾಯಿ ಕಟ್ಟಿದರೆ ಸಾಕು ಅಂದುಕೊಂಡಿರಾ? ಆ ರಿಪೋರ್ಟಿನಲ್ಲಿ ಮೂರು ತಿಂಗಳ ಜಿಲೇಬಿಯೂ ಕಾಣುತ್ತೆ.

ನಿಮ್ಮೊಬ್ಬರಿಗೇ ಬೇಜಾರಾಗಬಾರದು ಅಂತ ಎಂಟು ತಿಂಗಳಿಂದ ನಾನು ಕಾಫಿಗೂ ಸಕ್ಕರೆ ಹಾಕಿಕೊಂಡಿಲ್ಲ. ತಂಗಿ ಮಗಳ ಸೀಮಂತದಲ್ಲಿ ಒಬ್ಬಟ್ಟನ್ನು ಎಲೆ ತುದಿಗೆ ತಳ್ಳಿ ಎದ್ದೆ.

ಸಂಜೆ ವಾಕಿಂಗಿಗೆ ನಾನೂ ಬರುತ್ತೇನೆ. ಸೆಲ್ವಿ ಅಂಗಡಿ ಮುಂದೆಯೇ ಹೋಗೋಣ.

ಜಿಲೇಬಿ ತಿಂದದ್ದನ್ನ ಮರೆಯುತ್ತೇನೆ. ಮುಂದಿನ ಸಲ ಡಾಕ್ಟರಮ್ಮ ಅದೇ ಮಾತು ಕೇಳಿದಾಗ ನಾನು ಚಪ್ಪಲಿ ನೋಡುತ್ತಾ ಕೂರುತ್ತೇನೆ. ಬಾಯಿ ನೀವು ಬಿಡಿ.